ಖರ್ಜದಿಂದಲೇ ಶುರುಮಾಡುವ ಧಾರವಾಡದ ಮಾಳಮಡ್ಡಿಯ ಗಾಯನ ಕ್ಲಾಸು

ಮೊದಲ 20 ನಿಮಿಷ ಬರೀ ಖರ್ಜ, ಅಂದರೆ ಕೆಳಸ್ಥಾಯಿಯ ಸ್ವರಸಾಧನೆ. ಷಡ್ಜದಿಂದ ಒಂದೊಂದೇ ಸ್ವರ ಕೆಳಗಿಳಿಯುತ್ತ ‘ಆ’ಕಾರದಲ್ಲಿ ನಿಲ್ಲಬೇಕು, ಉಸಿರು ತೀರುವ ಮೊದಲೇ ಬಿಡಬೇಕು. ಆಮೇಲೂ ಎಳೆದರೆ ಗಂಟಲು ಬಿಗಿದು ಸ್ವರ ಜಾರುತ್ತದೆ. ಸವಾಯಿ ಗಂಧರ್ವರು ಕುಂದಗೋಳದಲ್ಲಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಗೆ ಕಲಿಸಿದ ಹಿಂದೂಸ್ತಾನಿ ಗಾಯನ ಪರಂಪರೆಯಾದ ಕಿರಾನಾ ಘರಾಣೆಯಲ್ಲೂ ಸ್ವರಕ್ಕೇ ಮೊದಲ ಮಣೆ. ತಂಬೂರಿಯ ತಂತಿಯಡಿ ಇಡುವ ಜವಾರಿ ದಾರವನ್ನು ಕೂದಲೆಳೆಯಷ್ಟು ಸರಿಸಿ ನಾದ ಬಿಡಿಸುವುದನ್ನು ಇಲ್ಲಿ ವಿದ್ಯಾರ್ಥಿಗಳಿಂದಲೇ ಮಾಡಿಸುತ್ತಾರೆ.

ಮುಂದೆ ಪಾಠ ಹೇಳಿಯೇ ಬದುಕಬೇಕೆನ್ನುವವರು ಗಮನಿಸಬೇಕಾದ್ದು ಶ್ರುತಿಯ ಶಿಸ್ತು. ಪೇಟಿಯ (ಹಾರ್ಮೋನಿಯಂ) ಮೊದಲ ಕಪ್ಪು ಮನೆಯ ಶ್ರುತಿ, ಅಂದರೆ ಕಪ್ಪು 1ರಲ್ಲಿ ಹಾಡುವವರು ದಿನವಿಡೀ ಹುಡುಗಿಯರ ಕಪ್ಪು 4ರಲ್ಲಿ ಹೇಳಿಕೊಟ್ಟರೆ ಸಂಜೆಯ ಕಛೇರಿಗೆ ದನಿ ಉಳಿಯುವುದಿಲ್ಲ. ಅದಕ್ಕೇ ಶ್ರುತಿಗೆ ತಕ್ಕಂತೆ ಬ್ಯಾಚುಗಳು ಬೇರೆ ಬೇರೆ. ಪಲಟಾಗಳನ್ನು, ಅಂದರೆ ಸ್ವರಗಳನ್ನು ಹೆಣೆದ ಅಭ್ಯಾಸದ ವರಸೆಗಳನ್ನು, ಗುರುಗಳು ಪೇಟಿಯಲ್ಲಿ ನುಡಿಸಿ ತೋರಿಸುತ್ತಾರೆ. ಸಂಜೆ ಗದ್ದಲ ಹೆಚ್ಚು, ಹಾಡುವಾಗ ಯಾರ ದವಡೆ ಬಿಗಿದಿದೆ ಎಂದು ಗುರುಗಳಿಗೆ ನೋಡಲಾಗದು. ಬೆಳಗಿನ ಬ್ಯಾಚಿಗೇ ಸೇರಿ.