ಬುಕ್ ಬೈಂಡಿಂಗ್ ಕಿಟ್: ಉಪಕರಣ ಸೈ, ಕಾಗದ ಮಾತ್ರ ಹೊರಗೆ ಕೊಳ್ಳಿ

ದಪ್ಪ ಕಾದಂಬರಿ ಕಂಡರೆ ಮುಖ ತಿರುಗಿಸುವ, ಕತ್ತರಿ–ಅಂಟು–ದಾರ ಕೈಗೆ ಸಿಕ್ಕರೆ ಊಟ ಮರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಆನ್‌ಲೈನ್‌ನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಮಾರುವ ಬುಕ್ ಬೈಂಡಿಂಗ್ ಕಿಟ್ ಅಂಥ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಒಳ್ಳೆಯ ಉಡುಗೊರೆ. ಆದರೆ ಪುಸ್ತಕ ಕಟ್ಟಲು ಕಲಿತರೆ ಓದಲೂ ಕಲಿತಾನು ಎಂಬ ಲೆಕ್ಕಾಚಾರದಲ್ಲಿ ಕೊಳ್ಳಬೇಡಿ. ಮಕ್ಕಳು ಆ ಉಪಾಯವನ್ನು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ, ಮೂರನೆಯ ದಿನ ಕಿಟ್ ಅಟ್ಟ ಸೇರುತ್ತದೆ.

ಹೆಸರು ಯಾವುದೇ ಇರಲಿ, ಪೆಟ್ಟಿಗೆಯ ಒಳಗಿರುವುದು ಹೆಚ್ಚುಕಡಿಮೆ ಒಂದೇ: ಮರದ ಹಿಡಿಯ ದಬ್ಬಣ, ಮಡಿಕೆ ಒತ್ತುವ ಬೋನ್ ಫೋಲ್ಡರ್, ನಾಲ್ಕಾರು ಸೂಜಿ, ಮೇಣ ಹಚ್ಚಿದ ದಾರ, ಪುಟ್ಟ ಸ್ಟೀಲ್ ಸ್ಕೇಲು, ಕ್ಲಿಪ್ಪುಗಳು. ತುಸು ದುಬಾರಿ ಕಿಟ್‌ಗಳಲ್ಲಿ ಕಾಗದ, ರಟ್ಟು, ಒಂದು ಪುಟ್ಟ ಡಬ್ಬಿ ಅಂಟು ಕೂಡ ಇರುತ್ತವೆ. ದಬ್ಬಣ, ಸೂಜಿ, ಬೋನ್ ಫೋಲ್ಡರ್ ಇವು ಮೂರೂ ವರ್ಷಗಟ್ಟಲೆ ಬಾಳುತ್ತವೆ, ಕೊಟ್ಟ ಹಣಕ್ಕೆ ಮೋಸವಿಲ್ಲ. ಬೋನ್ ಫೋಲ್ಡರ್ ಹೆಸರಿಗಷ್ಟೇ ಮೂಳೆ, ಸಾಮಾನ್ಯವಾಗಿ ಪ್ಲಾಸ್ಟಿಕ್‌ನದು. ಕೆಲಸಕ್ಕೆ ಅಡ್ಡಿಯಿಲ್ಲ, ಆದರೆ ಬಣ್ಣದ ಕಾಗದದ ಮೇಲೆ ನೇರವಾಗಿ ಉಜ್ಜಿದರೆ ಹೊಳೆಯುವ ಗೆರೆ ಬೀಳುತ್ತದೆ. ಮೇಲೊಂದು ತೆಳು ಹಾಳೆ ಇಟ್ಟು ಉಜ್ಜಿದರೆ ಸರಿ.

ದಬ್ಬಣವನ್ನು ಪೂರ್ತಿ ಒಳಗೆ ತೂರಿಸಬಾರದು ಎಂದು ಕಿಟ್‌ನ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ಅದು ಬುಡದ ಕಡೆ ದಪ್ಪವಾಗುತ್ತ ಹೋಗುತ್ತದೆ. ತುದಿಯಷ್ಟೇ ಇಳಿದರೆ ಒಂದು ಮಿ.ಮೀ. ತೂತು, ಪೂರ್ತಿ ಇಳಿದರೆ ಮೂರು ಮಿ.ಮೀ. ಆಗುತ್ತದೆ. ತೂತು ದೊಡ್ಡದಾದಷ್ಟೂ ಹೊಲಿಗೆ ಸಡಿಲ; ಪುಸ್ತಕದ ಬೆನ್ನಿಗೆ ಹಚ್ಚಿದ ಅಂಟು ಅದರೊಳಗಿಂದ ಇಳಿದು ಪುಟಗಳನ್ನು ಕಚ್ಚಿಸಿಬಿಡುತ್ತದೆ.

ಈಗ ಕಾಗದದ ವಿಷಯ. ಕಿಟ್‌ಗಳ ದೊಡ್ಡ ಸೋಲು ಇಲ್ಲೇ. ಕಾಗದಕ್ಕೂ ಮರದ ಹಾಗೆ ಎಳೆಯ ದಿಕ್ಕು ಇದೆ, ಆ ಎಳೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಹರಿಯಬೇಕು. ಝೆರಾಕ್ಸಿಗೆ ಬಳಸುವ ಎ4 ಹಾಳೆಯಲ್ಲಿ ಸಾಮಾನ್ಯವಾಗಿ ಎಳೆ ಉದ್ದಕ್ಕೆ ಇರುತ್ತದೆ. ಅದನ್ನು ನಡುವೆ ಮಡಿಸಿ ಎ5 ಮಾಡಿದಾಗ ಮಡಿಕೆ ಎಳೆಗೆ ಅಡ್ಡ ಬೀಳುತ್ತದೆ. ಮಡಿಕೆ ಒರಟಾಗುತ್ತದೆ, ಪುಸ್ತಕ ತೆರೆದರೆ ಪುಟಗಳು ಸೆಟೆದು ನಿಲ್ಲುತ್ತವೆ, ಮಳೆಗಾಲದಲ್ಲಿ ಬೆನ್ನಿನ ಹತ್ತಿರ ಅಲೆಯಲೆಯಾಗಿ ಏಳುತ್ತವೆ. ಕಿಟ್‌ನಲ್ಲಿ ಬರುವುದು ಬಹುಪಾಲು ಇದೇ ಹಾಳೆ. ಅನುಮಾನವಿದ್ದರೆ ಹಾಳೆಯಿಂದ ಐದು ಸೆಂ.ಮೀ. ಚೌಕ ಕತ್ತರಿಸಿ ಒಂದು ಮಗ್ಗುಲನ್ನಷ್ಟೇ ಒದ್ದೆ ಮಾಡಿ. ಅದು ಕೊಳವೆಯ ಹಾಗೆ ಸುರುಳಿಯಾಗುತ್ತದೆ. ಕೊಳವೆಯ ಉದ್ದ ಯಾವ ಕಡೆಗೋ ಎಳೆಯೂ ಅದೇ ಕಡೆಗೆ.

ಇದಕ್ಕೆ ಪರಿಹಾರ ದೊಡ್ಡ ಹಾಳೆ ಕೊಂಡು ಬೇಕಾದ ದಿಕ್ಕಿನಲ್ಲಿ ಕತ್ತರಿಸಿಕೊಳ್ಳುವುದು. ಬೆಂಗಳೂರಿನವರು ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಕಡೆ ಹೋದರೆ ಸಾಕು. ಬೇರೆ ಊರುಗಳಲ್ಲಿ ಪ್ರಿಂಟಿಂಗ್ ಪ್ರೆಸ್‌ಗೆ ಹಾಳೆ ಪೂರೈಸುವ ಅಂಗಡಿ ಹುಡುಕಿ. ‘70 ಜಿಎಸ್‌ಎಂ ಮ್ಯಾಪ್ಲಿಥೋ, ಡೆಮಿ ಸೈಜು’ ಎಂದು ಕೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ. ಜಿಎಸ್‌ಎಂ ಎಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ, ಮ್ಯಾಪ್ಲಿಥೋ ಪುಸ್ತಕ ಅಚ್ಚಿಗೆ ಬಳಸುವ ಬಿಳಿ ಕಾಗದ, ಡೆಮಿ ಹಾಳೆಯ ಒಂದು ಅಳತೆ. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ‘ಬಳಸಿದ ಕಾಗದ’ ಎಂದು ಅಚ್ಚಾಗಿರುವುದು ಇದೇ ಲೆಕ್ಕ. (ಕಥೆಯ ಮೊದಲ ಸಾಲನ್ನೂ ಓದದವರು ಆ ಪುಟವನ್ನು ಮಾತ್ರ ಶ್ರದ್ಧೆಯಿಂದ ಓದತೊಡಗುವುದು ಈ ಹವ್ಯಾಸದ ಒಂದು ತಮಾಷೆ.)

ಮೊದಲ ನೋಟ್‌ಬುಕ್ಕಿಗೆ ಅಳತೆ ಹೀಗಿರಲಿ. ಐದೈದು ಹಾಳೆ ಒಟ್ಟಿಗೆ ಮಡಿಸಿ ಒಂದು ಕಟ್ಟು, ಅಂಥ ಆರು ಕಟ್ಟು. ಒಟ್ಟು 30 ಹಾಳೆ, 120 ಪುಟ. ತಲೆ, ಬುಡಗಳಿಂದ 15 ಮಿ.ಮೀ. ಒಳಗೆ ಒಂದೊಂದು ತೂತು, ನಡುವೆ ನಾಲ್ಕು. ಒಳಗೆ ಹೊರಗೆ ಓಡುವ ಸಾದಾ ಹೊಲಿಗೆಗೆ ತೂತುಗಳ ಸಂಖ್ಯೆ ಸಮವಾಗಿರಲೇಬೇಕು. ಐದೋ ಏಳೋ ಮಾಡಿದರೆ ಸೂಜಿ ಕೊನೆಗೆ ಕಟ್ಟಿನ ಒಳಗೇ ಉಳಿಯುತ್ತದೆ, ಮುಂದಿನ ಕಟ್ಟಿಗೆ ದಾಟಲು ದಾರಿಯಿಲ್ಲ. ದಾರದ ಉದ್ದಕ್ಕೆ ಪುಸ್ತಕದ ಎತ್ತರವನ್ನು ಕಟ್ಟುಗಳ ಸಂಖ್ಯೆಯಿಂದ ಗುಣಿಸಿ, ಮೇಲೊಂದು ಎತ್ತರ ಸೇರಿಸಿ: 21 ಸೆಂ.ಮೀ. ಪುಸ್ತಕಕ್ಕೆ 147 ಸೆಂ.ಮೀ., ಗಂಟಿಗೆಂದು ಇನ್ನೊಂದು ಗೇಣು.

ಕಿಟ್‌ನ ದಾರದ ಬಗ್ಗೆಯೂ ತಕರಾರಿದೆ. ಅದು ಚರ್ಮ ಹೊಲಿಯುವ ಪಾಲಿಯೆಸ್ಟರ್ ದಾರ, ಸುಮಾರು 0.8 ಮಿ.ಮೀ. ದಪ್ಪ. ಪ್ರತಿ ಕಟ್ಟಿನ ಮಡಿಕೆಯೊಳಗೂ ಅದು ಒಂದು ಸುತ್ತು ಕೂರುವುದರಿಂದ ಆರು ಕಟ್ಟಿಗೆ ಬೆನ್ನು ನಾಲ್ಕೈದು ಮಿ.ಮೀ. ಉಬ್ಬುತ್ತದೆ, ಪುಸ್ತಕ ಬೆಣೆಯ ಆಕಾರ ಪಡೆಯುತ್ತದೆ. ಬೆನ್ನು ಹೊರಗೆ ಕಾಣುವ ಕಾಪ್ಟಿಕ್ ಹೊಲಿಗೆಗೆ ಈ ದಾರ ಚೆಂದ. ರಟ್ಟು ಹಾಕುವ ಪುಸ್ತಕಕ್ಕಾದರೆ ದರ್ಜಿ ಅಂಗಡಿಯ ಗುಂಡಿ ಹೊಲಿಯುವ ದಾರವನ್ನು ಮೇಣದಬತ್ತಿಯ ಮೇಲೆ ಎರಡು ಸಲ ಎಳೆದು ಬಳಸುವುದೇ ಮೇಲು.

ರಟ್ಟು ಎರಡು ಮಿ.ಮೀ. ದಪ್ಪದ್ದಿರಲಿ, ಪುಟಕ್ಕಿಂತ ಎತ್ತರದಲ್ಲಿ ಆರು ಮಿ.ಮೀ. ಹೆಚ್ಚು. ಬೆನ್ನಿನ ಪಟ್ಟಿಗೂ ರಟ್ಟಿಗೂ ನಡುವೆ ಏಳು ಮಿ.ಮೀ. ಸಂದು ಬಿಡಿ, ಕಡಿಮೆಯಾದರೆ ಮುಚ್ಚಳ ಪೂರ್ತಿ ತೆರೆಯುವುದಿಲ್ಲ. ರೆಕ್ಸಿನ್ ಅಥವಾ ಬಟ್ಟೆಯನ್ನು ಸುತ್ತ 15 ಮಿ.ಮೀ. ಮಡಚಲು ಬಿಟ್ಟು, ಮೂಲೆ ಕತ್ತರಿಸುವಾಗ ರಟ್ಟಿನ ತುದಿಯಿಂದ ಮೂರು ಮಿ.ಮೀ. ದೂರ ಉಳಿಸಿ. ಅಷ್ಟು ಉಳಿಸದಿದ್ದರೆ ಮೂಲೆಯಲ್ಲಿ ರಟ್ಟು ಇಣುಕುತ್ತದೆ.

ಕಿಟ್‌ನ ಅಂಟು ಒಂದು ಪುಸ್ತಕಕ್ಕೂ ಸಾಲದು. ರಟ್ಟಿಗೆ ಬಟ್ಟೆ ಅಂಟಿಸಲು ಮೈದಾ ಗಂಜಿ ಸಾಕು: ಒಂದು ಪಾಲು ಮೈದಾ, ಐದು ಪಾಲು ನೀರು, ಗಂಟಾಗದಂತೆ ಕಲಸಿ ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ತಿರುವಿ. ಹಳೆಯ ಬೈಂಡರುಗಳು ಹುಳ ಬೀಳದಿರಲೆಂದು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮನೆಯಲ್ಲಿ ಬೇಡ. ಎರಡು ದಿನದೊಳಗೆ ಮುಗಿಯುವಷ್ಟೇ ಕಾಯಿಸಿಕೊಳ್ಳಿ. ಹೊರಗಿನ ಬಟ್ಟೆ ಒಣಗುತ್ತ ರಟ್ಟನ್ನು ತನ್ನತ್ತ ಬಗ್ಗಿಸುತ್ತದೆ, ಅದು ಸಹಜ. ಒಳಗಿನ ಹಾಳೆ ಅಂಟಿಸಿ, ಭಾರ ಹೇರಿ ಇಡೀ ರಾತ್ರಿ ಬಿಟ್ಟರೆ ಆ ಎಳೆತ ಸರಿಹೋಗುತ್ತದೆ. ಒಂದು ಗಂಟೆಗೇ ತೆಗೆದು ನೋಡಿದರೆ ಸೊಟ್ಟ ರಟ್ಟೇ ಗತಿ.

ಇಷ್ಟು ಕೈಗೆ ಹತ್ತಿದ ಮೇಲೆ ಆ ದಪ್ಪ ಕಾದಂಬರಿಯನ್ನೇ ಕೈಗೆತ್ತಿಕೊಳ್ಳಬಹುದು, ಓದಲಿಕ್ಕಲ್ಲ, ಬಿಚ್ಚಲಿಕ್ಕೆ. 600 ಪುಟದ ಪೇಪರ್‌ಬ್ಯಾಕನ್ನು ಅಧ್ಯಾಯ ಮುಗಿಯುವಲ್ಲಿ ಒಡೆದು ಐದು ತೆಳು ಪುಸ್ತಕ ಮಾಡುವುದು ಈ ಕಿಟ್‌ನ ಅತ್ಯುತ್ತಮ ಉಪಯೋಗ ಎಂಬುದು ನಮ್ಮ ಅಭಿಪ್ರಾಯ. ಇದರಲ್ಲಿ ಅಪಚಾರವೇನಿಲ್ಲ. ಚಾರ್ಲ್ಸ್ ಡಿಕನ್ಸ್‌ನ ಹಲವು ಕಾದಂಬರಿಗಳು 1836ರಿಂದ ಮೊದಲುಗೊಂಡು ಓದುಗರ ಕೈಸೇರಿದ್ದು ಹೀಗೆಯೇ, ತಿಂಗಳಿಗೊಂದರಂತೆ 32 ಪುಟಗಳ ತೆಳು ಕಂತಾಗಿ. ಇಟ್ಟಿಗೆಯಂಥ ಸಂಪುಟ ಆಮೇಲಿನದು.

ಆದರೆ ಕಿಟ್‌ನ ಚೀಟಿಯಲ್ಲಿರುವ ಹೊಲಿಗೆ ಇಲ್ಲಿ ನಡೆಯುವುದಿಲ್ಲ. ಪೇಪರ್‌ಬ್ಯಾಕಿನಲ್ಲಿ ಮಡಿಕೆಯೇ ಇಲ್ಲ, ಬಿಡಿ ಹಾಳೆಗಳನ್ನು ಬೆನ್ನಿನಲ್ಲಿ ಬಿಸಿ ಅಂಟಿನಿಂದ ಕಚ್ಚಿಸಿರುತ್ತಾರೆ. ಪಕ್ಕದಲ್ಲಿ ತೂತು ಹೊಡೆದು ಹೊಲಿದರೆ ಒಳ ಅಂಚು ಎಂಟು ಮಿ.ಮೀ. ನುಂಗಿಹೋಗಿ ಸಾಲುಗಳ ಕೊನೆ ಕಾಣುವುದಿಲ್ಲ. ಇದಕ್ಕೆ ಅಂಟೇ ಸರಿ. ಝೆರಾಕ್ಸ್ ಅಂಗಡಿಯ ಕಟಿಂಗ್ ಯಂತ್ರದಲ್ಲಿ ಬೆನ್ನನ್ನು ಎರಡು ಮಿ.ಮೀ. ಕತ್ತರಿಸಿಸಿ. 60 ಹಾಳೆಗಳನ್ನು ಸಮ ಮಾಡಿ, ಬೆನ್ನಿನ ಕಡೆ ನಾಲ್ಕು ಸೆಂ.ಮೀ. ಹೊರಚಾಚುವಂತೆ ಎರಡು ರಟ್ಟಿನ ನಡುವೆ ಕ್ಲಿಪ್ ಹಾಕಿ. ಆ ಭಾಗವನ್ನು ಬೀಸಣಿಗೆಯಂತೆ ಒಂದು ಕಡೆಗೆ ಬಾಗಿಸಿ ತೆಳ್ಳಗೆ ಅಂಟು ಸವರಿ, ಕೂಡಲೇ ಇನ್ನೊಂದು ಕಡೆಗೆ ಬಾಗಿಸಿ ಮತ್ತೆ ಸವರಿ. ಹೀಗೆ ಪ್ರತಿ ಹಾಳೆಯ ಎರಡೂ ಮಗ್ಗುಲಿಗೆ ಕೂದಲೆಳೆಯಷ್ಟು ಅಂಟು ತಾಗುತ್ತದೆ, ಹಿಡಿತ ಬರುವುದು ಅದರಿಂದಲೇ. ನೆಟ್ಟಗೆ ಮಾಡಿ, ಮೇಲೆ ಹಳೆಯ ಪಂಚೆಯ ತುಂಡು ಅಂಟಿಸಿ ರಾತ್ರಿಯಿಡೀ ಒಣಗಲು ಬಿಡಿ. ಮರಗೆಲಸದ ಬಿಳಿ ಅಂಟು ಒಣಗಿದ ಮೇಲೆ ಗಡುಸಾಗಿ ಬೆನ್ನು ಬಿರಿಯಬಹುದು. ಕ್ರಾಫ್ಟ್‌ಗೆಂದೇ ಮಾರುವ, ಒಣಗಿದರೂ ಬಾಗುವ ಬಿಳಿ ಅಂಟು ಕೊಳ್ಳಿ.

ಕಾಗದ, ರಟ್ಟು, ಅಂಟು ಇಲ್ಲದ ಅತಿ ಅಗ್ಗದ ಕಿಟ್ಟನ್ನೇ ಆರಿಸಿ, ಉಳಿದ ಹಣವನ್ನು ಮ್ಯಾಪ್ಲಿಥೋಗೆ ಹಾಕಿ. ಹತ್ತು ವರ್ಷಕ್ಕಿಂತ ಚಿಕ್ಕವರ ಕೈಗೆ ದಬ್ಬಣ ಕೊಡಬೇಡಿ. ಮತ್ತೆ, ಬಿಚ್ಚಲು ಆರಿಸಿಕೊಳ್ಳುವ ಕಾದಂಬರಿ ಸ್ವಂತದ್ದೇ ಆಗಿರಲಿ, ಶಾಲೆಯ ಗ್ರಂಥಾಲಯದ್ದಲ್ಲ.