ವೆಸೂವಿಯಸ್‌ಗೆ ಬಸ್ ಹತ್ತುವ ಮುಂಚೆ ಟಿಕೆಟ್ ಸರಿಯಾಗಿ ನೋಡಿ

ಇಟಲಿಯ ನೇಪಲ್ಸ್ ಕಡೆ ಯಾರಾದರೂ ಹೊರಟಿದ್ದರೆ ಇದನ್ನು ಓದಿ. ವೆಸೂವಿಯಸ್ ಗೇಟಿನವರೆಗೂ ಹೋಗಿ, ಜ್ವಾಲಾಮುಖಿಯ ಬಾಯಿ ನೋಡದೆ ವಾಪಸ್ ಬಂದವರು ನಾವು.

ಕಳೆದ ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಹೆಂಡತಿ, ನಮ್ಮ ಅತ್ತೆ ಮೂವರೂ ಹೋಗಿದ್ದೆವು. ನೇಪಲ್ಸ್‌ನಿಂದ ಸೊರೆಂಟೊ ಕಡೆಯ ಲೋಕಲ್ ರೈಲು ಹತ್ತಿ ಎರ್ಕೊಲಾನೊ ಸ್ಟೇಷನ್‌ನಲ್ಲಿ ಇಳಿದೆವು. ಹೊರಗೆ ಕಾಲಿಟ್ಟ ಕೂಡಲೇ ಬಸ್ಸಿನವನೊಬ್ಬ "ವೆಸೂವಿಯೊ, ವೆಸೂವಿಯೊ" ಅಂತ ಕೂಗುತ್ತಾ ಬಂದ. "ಟಿಕೆಟ್ ಎಲ್ಲಾ ಸೇರಿ ತಾನೇ?" ಅಂತ ಇಂಗ್ಲಿಷಿನಲ್ಲಿ ಎರಡು ಸಲ ಕೇಳಿದೆ. ಎರಡು ಸಲವೂ "ಎಸ್, ಎಸ್" ಅಂದ. ದುಡ್ಡು ಕೊಟ್ಟೆವು. ಕೈಗೆ ಸಣ್ಣ ಚೀಟಿ ಬಂತು. ಅದರ ಮೇಲೆ 'ಎ/ಆರ್' ಅಂತ ದಪ್ಪಕ್ಷರ. ನಾವು ಅದು ಏನೋ ಸೀಟ್ ನಂಬರ್ ಅಂದುಕೊಂಡೆವು.

ಬಸ್ಸು ತಿರುವುಗಳಲ್ಲಿ ಏರಿ ಏರಿ ಸುಮಾರು 1000 ಮೀಟರ್ ಎತ್ತರದಲ್ಲಿ ನಿಲ್ಲಿಸಿತು. ಬೆಟ್ಟ ಇರುವುದು 1281 ಮೀಟರ್. ಅಲ್ಲಿಂದ ಮುಂದೆ ಬೂದಿ, ಕಲ್ಲುಪುಡಿಯ ದಾರಿಯಲ್ಲಿ ಅರ್ಧ ಗಂಟೆ ನಡೆದರೆ ಬಾಯಿಯ ಅಂಚು. ಗೇಟಿನವನು ಚೀಟಿ ತಿರುಗಿಸಿ ನೋಡಿ ವಾಪಸ್ ಕೊಟ್ಟ. 'ಎ/ಆರ್' ಅಂದರೆ 'ಅಂದಾತಾ ಎ ರಿತೋರ್ನೊ', ಹೋಗಿ ಬರುವ ಬಸ್ ಚಾರ್ಜು, ಅಷ್ಟೇ! ಒಳಗೆ ಹೋಗಲು ಬೇಕಾದದ್ದು 'ಇಂಗ್ರೆಸ್ಸೊ' ಟಿಕೆಟ್. ಆ ಪದ ಚೀಟಿಯಲ್ಲಿ ಇದೆಯಾ ಅಂತ ನೋಡದೆ ಯಾರಿಗೂ ದುಡ್ಡು ಕೊಡಬೇಡಿ.

ಸರಿ, ಕೌಂಟರ್‌ನಲ್ಲಿ ತಗೊಳ್ಳೋಣ ಅಂದರೆ ಕೌಂಟರೇ ಇಲ್ಲ. ಪ್ರವೇಶ ಟಿಕೆಟ್ಟನ್ನು ಆನ್‌ಲೈನ್‌ನಲ್ಲೇ, ಇಂತಿಷ್ಟು ಗಂಟೆಗೆ ಅಂತ ಸಮಯ ಆರಿಸಿ ತಗೊಳ್ಳಬೇಕು. ಬೆಟ್ಟದ ಮೇಲೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನ್ನ ಹೆಂಡತಿ ಫೋನ್ ಮೇಲಕ್ಕೆತ್ತಿ ಪಾರ್ಕಿಂಗ್ ತುಂಬಾ ಓಡಾಡಿದಳು. ಕೊನೆಗೂ ಪೇಜ್ ತೆರೆಯಿತು. ಉಳಿದಿದ್ದದ್ದು ಸಂಜೆ ನಾಲ್ಕರ ಸ್ಲಾಟ್ ಮಾತ್ರ. ನಮ್ಮ ವಾಪಸ್ ಬಸ್ಸು ಹನ್ನೆರಡೂವರೆಗೆ. ಅತ್ತೆ ಕಲ್ಲಿನ ಮೇಲೆ ಕೂತು ಬ್ಯಾಗಿನಿಂದ ಚಪಾತಿ, ಚಟ್ನಿಪುಡಿ ತೆಗೆದರು. 1944ರಲ್ಲಿ ಕೊನೆಯ ಸಲ ಉಕ್ಕಿದ ಬೆಟ್ಟದ ಬಗ್ಗೆ ನಮಗೆ ಉಳಿದ ನೆನಪು ಆ ಚಪಾತಿಯೇ. ಅಲ್ಲಿ ನೆರಳೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಎರಡನೇ ತಪ್ಪು ಮಾತ್ರ ಪೂರ್ತಿ ನಮ್ಮದೇ. ಬೆಳಿಗ್ಗೆ ಜ್ವಾಲಾಮುಖಿ, ಮಧ್ಯಾಹ್ನ ಸಮುದ್ರ ತೀರದ ಊರು ಪೊಸಿತಾನೊ, ಸಂಜೆ ಅದರಾಚೆಯ ಅಮಾಲ್ಫಿ, ಎಲ್ಲಾ ಒಂದೇ ದಿನ! ಮ್ಯಾಪಿನಲ್ಲಿ ಬೆರಳಿನಷ್ಟು ದೂರ ಕಾಣುತ್ತೆ. ಆದರೆ ದಾರಿ ಇರುವುದು ಒಂದೇ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಮುದ್ರ. ಎರಡು ಬಸ್ಸು ಎದುರಾದರೆ ಒಂದು ಹಿಂದೆ ಸರಿಯಬೇಕು. ಪೊಸಿತಾನೊಗೆ ಹೋಗಲು ಸೊರೆಂಟೊದಲ್ಲಿ ನಾವು ಕೈ ಅಡ್ಡ ಹಿಡಿದ ಎರಡು ಬಸ್ಸುಗಳೂ ತುಂಬಿದ್ದವು, ನಿಲ್ಲಿಸಲೇ ಇಲ್ಲ. ಆಮೇಲೆ ಗೊತ್ತಾಯಿತು, ಬಸ್ಸು ಹೊರಡುವ ರೈಲು ನಿಲ್ದಾಣದ ಎದುರೇ ಹತ್ತಿದರೆ ಸೀಟು ಸಿಗುತ್ತೆ. ನಡುವಿನ ಸ್ಟಾಪಿನಲ್ಲಿ ಸುಮ್ನೆ ಕಾಯಬೇಡಿ. ಕಾದು ಸಾಕಾಗಿ ಟ್ಯಾಕ್ಸಿ ಹತ್ತಿದೆವು, ರೇಟು ಕೇಳದೆ. ಎಷ್ಟು ಕೊಟ್ಟೆವು ಅಂತ ಅತ್ತೆಗೆ ಇನ್ನೂ ಹೇಳಿಲ್ಲ.

ಪೊಸಿತಾನೊದಲ್ಲಿ ಬಸ್ಸು ನಿಲ್ಲುವುದು ಮೇಲಿನ ರಸ್ತೆಯಲ್ಲಿ. ಸಮುದ್ರಕ್ಕೆ ಇಳಿಯಲು ಮೆಟ್ಟಿಲೋ ಮೆಟ್ಟಿಲು. ಮಂಡಿ ನೋವಿನವರು ಜೊತೆಗಿದ್ದರೆ ದೋಣಿಯಲ್ಲಿ ಹೋಗಿ, ಅದು ನೇರ ಬೀಚಿನ ಪಕ್ಕಕ್ಕೇ ಬರುತ್ತೆ. ಅಲೆ ಜಾಸ್ತಿಯಿದ್ದರೆ ದೋಣಿ ನಿಲ್ಲಿಸುತ್ತಾರೆ, ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತಲೂ ಕೇಳಿ. ನಾವು ಅಮಾಲ್ಫಿ ಆಸೆ ಬಿಟ್ಟು ಸೊರೆಂಟೊಗೆ ದೋಣಿಯಲ್ಲೇ ವಾಪಸ್ ಬಂದೆವು. ಇಡೀ ದಿನದಲ್ಲಿ ಅತ್ತೆ ನಕ್ಕಿದ್ದು ಆ ದೋಣಿಯಲ್ಲಿ ಮಾತ್ರ.