ಗಂಟೆ ತುಂಬಿಸುತ್ತೇನೆ ಎಂದವನು ಚಾನೆಲನ್ನೇ ಕೊಂಡೊಯ್ದ

2021ರಲ್ಲಿ ಊಜಿ ನೊಣ (ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೊಣ) ಬಿದ್ದು ನಮ್ಮ ಒಂದು ರೇಷ್ಮೆ ಬೆಳೆ ಪೂರ್ತಿ ಹೋಯಿತು. ಹುಳುವಿನ ಮೈಮೇಲೆ ಕಾಣುವ ಕಪ್ಪು ಮಚ್ಚೆಯನ್ನು ಎರಡು ದಿನ ಮೊದಲು ಗುರುತಿಸಿದ್ದರೆ, ಹುಳು ಮನೆಯ ಕಿಟಕಿಗಳಿಗೆ ಸರಿಯಾದ ಬಲೆ ಕಟ್ಟಿಸಿದ್ದರೆ, ಅರ್ಧವಾದರೂ ಉಳಿಯುತ್ತಿತ್ತು. ಬೇರೆಯವರಿಗೆ ಹಾಗಾಗದಿರಲಿ ಎಂದು ಮಚ್ಚೆ ಬಿದ್ದ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಮೊಬೈಲಿನಲ್ಲಿ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಿದೆ. ಶಿಡ್ಲಘಟ್ಟದ ಪಕ್ಕದ ಒಂದು ಹಳ್ಳಿಯಿಂದ ನನ್ನ ಚಾನೆಲ್ ಶುರುವಾದದ್ದು ಹೀಗೆ.

ಮೂರು ವರ್ಷಗಳಲ್ಲಿ 190 ವಿಡಿಯೊಗಳಾದವು. ಜ್ವರಕ್ಕೆ ಕೂತ, ಅಂದರೆ ಚರ್ಮ ಕಳಚಲು ಮೇವು ಬಿಟ್ಟು ಕೂತ, ಹುಳುವಿಗೆ ಸುಣ್ಣದ ಪುಡಿ ಯಾವಾಗ ಉದುರಿಸಬೇಕು, ಮಳೆಗಾಲದಲ್ಲಿ ಒದ್ದೆ ಸೊಪ್ಪನ್ನು ಏನು ಮಾಡಬೇಕು, ಹಣ್ಣಾದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡುವುದು ಹೇಗೆ ಎಂಬಂಥವು. ಚಂದಾದಾರರು 1,180 ಜನ. ಅವರಲ್ಲಿ ಅನೇಕರ ಹೆಸರು, ಊರು ನನಗೆ ಗೊತ್ತಿತ್ತು. ರಾಮನಗರ, ಮಾಗಡಿ, ಕನಕಪುರದಿಂದ ಫೋನ್ ಮಾಡುತ್ತಿದ್ದರು. ಗಡಿಯಾಚೆಯಿಂದ ತೆಲುಗಿನಲ್ಲಿ ಪ್ರಶ್ನೆ ಕೇಳುವವರೂ ಇದ್ದರು. ನಮ್ಮ ಕಡೆ ಎರಡೂ ಭಾಷೆ ನಡೆಯುವುದರಿಂದ ಅವರಿಗೂ ಉತ್ತರ ಬರೆಯುತ್ತಿದ್ದೆ. ಆ ಚಾನೆಲ್ ಇಂದು ಇಲ್ಲ. ಅದು ಹೇಗೆ ಹೋಯಿತು ಎಂಬುದನ್ನು ಒಂದೂ ಮುಚ್ಚಿಡದೆ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಅಡುಗೆ, ಕೃಷಿ, ರಂಗೋಲಿ, ಹಾಡು ಎಂದು ಚಾನೆಲ್ ನಡೆಸುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ನನ್ನ ಚಾನೆಲ್ ಕಿತ್ತುಕೊಂಡ ಮನುಷ್ಯ, ಇಲ್ಲವೇ ಅವನಂಥ ಇನ್ನೊಬ್ಬ, ಅವರಿಗೂ ಫೋನ್ ಮಾಡುತ್ತಿರುತ್ತಾನೆ.

ಮೊದಲು ಲೆಕ್ಕ ಹೇಳುತ್ತೇನೆ, ಏಕೆಂದರೆ ಮೋಸ ಹುಟ್ಟುವುದೇ ಈ ಲೆಕ್ಕದ ಸಂದಿಯಲ್ಲಿ. ಜಾಹೀರಾತಿನ ಹಣದಲ್ಲಿ ಪಾಲು ಬೇಕೆಂದರೆ 1,000 ಚಂದಾದಾರರ ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕು. ಗಂಟೆಗಳ ಬದಲು 90 ದಿನಗಳಲ್ಲಿ ಗಿಡ್ಡ ವಿಡಿಯೊಗಳಾದ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬಂದರೂ ಆಗುತ್ತದೆ, ಆದರೆ ರೇಷ್ಮೆ ಹುಳುವಿನ ವಿಡಿಯೊಗೆ ಅದು ಆಗುವ ಮಾತಲ್ಲ. ಶಾರ್ಟ್ಸ್ ಫೀಡಿನಲ್ಲಿ ಜನ ನೋಡಿದ ಸಮಯ ಈ 4,000 ಗಂಟೆಗೆ ಸೇರುವುದಿಲ್ಲ ಎಂಬುದೂ ಹಲವರಿಗೆ ತಿಳಿದಿಲ್ಲ. ಎಲ್ಲಕ್ಕಿಂತ ಸಂಕಟ ಕೊಡುವುದು ಆ 12 ತಿಂಗಳು. ಮುಂದಿನಿಂದ ಗಂಟೆಗಳು ಸೇರುತ್ತಿದ್ದಂತೆ ಹಿಂದಿನಿಂದ ವರ್ಷ ಕಳೆದ ಗಂಟೆಗಳು ದಿನವೂ ಉದುರುತ್ತವೆ. ನನ್ನದು 2,600ಕ್ಕೆ ಬಂದು ನಿಂತುಬಿಟ್ಟಿತ್ತು. ಒಂದು ವಾರ 2,640, ಮರುವಾರ 2,590. ತೂತಿನ ಕೊಡಕ್ಕೆ ನೀರು ಸೇದಿದ ಹಾಗೆ.

2024ರ ಮಾರ್ಚ್‌ನಲ್ಲಿ ಆ ಮನುಷ್ಯನ ಕರೆ ಬಂತು. ಬೆಂಗಳೂರಿನಲ್ಲಿ ಕಚೇರಿ ಇದೆ ಎಂದ. ನನ್ನ ವಿಡಿಯೊಗಳನ್ನು ನಿಜವಾಗಿ ನೋಡಿದ್ದವನಂತೆ ಮಾತನಾಡಿದ. "ಅಕ್ಕ, ನಿಮ್ಮ ವಿಷಯ ಚಿನ್ನ. ನಿಮಗೆ ಬೇಕಾಗಿರುವುದು ಬರೀ 1,400 ಗಂಟೆ. ಇಪ್ಪತ್ತು ದಿನದಲ್ಲಿ ತುಂಬಿಸಿಕೊಡುತ್ತೇನೆ. ಎಲ್ಲ ನಿಜವಾದ ಜನ" ಎಂದ. ಅದಕ್ಕೆ 14,500 ರೂಪಾಯಿ. ಆ ತಿಂಗಳು ಗೂಡಿಗೆ ಒಳ್ಳೆಯ ಬೆಲೆ ಸಿಕ್ಕಿತ್ತು. ಯಜಮಾನರು ಬೇಡ ಎಂದರು. ಒಮ್ಮೆ ಹಣ ಬರಲು ಶುರುವಾದರೆ ಹುಳು ಕೈಕೊಟ್ಟ ತಿಂಗಳಲ್ಲೂ ಮನೆ ನಡೆಯುತ್ತದೆ ಎಂದು ನಾನೇ ಹಟ ಹಿಡಿದು ಫೋನ್‌ಪೇ ಮಾಡಿದೆ.

ಹಣ ಹೋದ ಮೇಲೆ ಅವನು ಕೇಳಿದ ಮೊದಲ ವಸ್ತು ಒಂದು ಗಂಟೆಗಿಂತ ಉದ್ದದ ವಿಡಿಯೊ. ಅದರಲ್ಲಿ ಏನಿದ್ದರೂ ಸರಿ ಎಂದ. ಆ ಮಾತು ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ನಿಜವಾದ ಜನ ನೋಡುವುದಾದರೆ ಒಳಗೆ ಏನಿದೆ ಎಂಬುದು ಹೇಗೆ ಬೇಡವಾಗುತ್ತದೆ? ನಾನು ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಸೊಪ್ಪು ತಿನ್ನುವುದನ್ನು ಒಂದು ಗಂಟೆ ಇಪ್ಪತ್ತು ನಿಮಿಷ ಚಿತ್ರಿಸಿ ಹಾಕಿದೆ. ಆ ಹೊತ್ತಿನಲ್ಲಿ ಹುಳು ಮನೆಯೊಳಗೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು ಇರುತ್ತದೆ. ನನಗೆ ತುಂಬ ಇಷ್ಟವಾದ ಸದ್ದು ಅದು. ಅದನ್ನು ಕೇಳುವವರು ಯಾರೂ ಇಲ್ಲದ ಕಡೆಗೆ ಕಳಿಸಿದೆ ಎಂಬುದು ಈಗಲೂ ಎದೆ ಚುಚ್ಚುತ್ತದೆ.

ಗಂಟೆಗಳು ಏರಿದವು. ಹದಿನೆಂಟನೆಯ ದಿನಕ್ಕೆ 4,100 ದಾಟಿತು. ಜೊತೆಗೆ ಉಚಿತ ಎಂದು 5,000 ಚಂದಾದಾರರನ್ನೂ ಸೇರಿಸಿದ. ಆದರೆ ಚಾನೆಲ್‌ನ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೊ ತೆರೆದು ನೋಡಿದರೆ ವೀಕ್ಷಕರು ನಾನು ಹೆಸರನ್ನೇ ಕೇಳದ ದೇಶಗಳವರು. ಕನ್ನಡದ ಒಂದು ಅಕ್ಷರ ಬಾರದವರು ಒಂದು ಗಂಟೆ ಹುಳು ನೋಡಿದ್ದರು. ಒಂದು ಮೆಚ್ಚುಗೆ ಇಲ್ಲ, ಒಂದು ಪ್ರಶ್ನೆ ಇಲ್ಲ. ಆಮೇಲೆ ಹಾಕಿದ ಹೊಸ ವಿಡಿಯೊಗಳ ಗತಿ ಇನ್ನೂ ಕೆಟ್ಟಿತು. ಮೊದಲು ಐನೂರು ಜನ ನೋಡುತ್ತಿದ್ದ ಕಡೆ ಎಂಬತ್ತು, ತೊಂಬತ್ತು. ಯೂಟ್ಯೂಬ್ ಹೊಸ ವಿಡಿಯೊವನ್ನು ಯಾರ ಮುಂದೆ ಇಟ್ಟಾಗ ಎಷ್ಟು ಜನ ಒತ್ತಿದರು, ಎಷ್ಟು ಹೊತ್ತು ನೋಡಿದರು ಎಂಬುದನ್ನು ಗಮನಿಸಿ ಮುಂದಕ್ಕೆ ತೋರಿಸುತ್ತದೆ. ನನ್ನ ಪಟ್ಟಿಯ ಆರು ಸಾವಿರದಲ್ಲಿ ಐದು ಸಾವಿರ ಹೆಸರುಗಳು ಎಂದೂ ಒತ್ತದ ಹೆಸರುಗಳು. ನನಗಾಗಿ ಕಾಯುತ್ತಿದ್ದ ರೈತರಿಗೂ ವಿಡಿಯೊ ತಲುಪದ ಹಾಗಾಯಿತು. "ಅಮ್ಮ, ನೀವು ಹಾಕುವುದನ್ನೇ ಬಿಟ್ಟಿರಾ?" ಎಂದು ಕನಕಪುರದವರೊಬ್ಬರು ಕೇಳಿದಾಗ ಹಿಂದಿನ ದಿನವಷ್ಟೇ ನಾನು ವಿಡಿಯೊ ಹಾಕಿದ್ದೆ.

ಜಾಹೀರಾತಿನ ಪಾಲಿಗೆ ಅರ್ಜಿ ಹಾಕಿದೆ, ತಿರಸ್ಕೃತವಾಯಿತು. ತಪ್ಪು ನನ್ನದೇ. ಹಣ ಕೊಟ್ಟು ವೀಕ್ಷಣೆ, ಚಂದಾದಾರರನ್ನು ತರಿಸುವುದು ಯೂಟ್ಯೂಬ್ ನಿಯಮಕ್ಕೆ ನೇರವಾಗಿ ವಿರುದ್ಧ. ಚಾನೆಲ್ಲನ್ನೇ ಮುಚ್ಚಬಹುದಾದ ತಪ್ಪು ಅದು. ಎಣಿಕೆಗೆ ಬೇಕಾದದ್ದು ನಿಜವಾದ ಗಂಟೆಗಳು ಮಾತ್ರ. ಮೊದಲ ಸಲ ತಿರಸ್ಕಾರವಾದರೆ 21 ದಿನದೊಳಗೆ ಮೇಲ್ಮನವಿ ಹಾಕಬಹುದು, ಇಲ್ಲವೇ 30 ದಿನ ಬಿಟ್ಟು ಮತ್ತೆ ಅರ್ಜಿ ಹಾಕಬಹುದು. ಎರಡೂ ಕೆಲಸವನ್ನು ಚಾನೆಲ್ ಯಜಮಾನರೇ ಸ್ಟುಡಿಯೊದಲ್ಲಿ ಮಾಡಿಕೊಳ್ಳುವಂಥದ್ದು. ನನಗೆ ಅದು ತಿಳಿದಿರಲಿಲ್ಲ. ಅವನಿಗೆ ತಿಳಿದಿತ್ತು.

"ಅಕ್ಕ, ಹೆದರಬೇಡಿ. ಮೇಲ್ಮನವಿ ನಮ್ಮ ಕಂಪನಿಯ ಹೆಸರಿನಲ್ಲಿ ಹೋದರೆ ಒಂದೇ ದಿನದಲ್ಲಿ ಪಾಸಾಗುತ್ತದೆ. ಹಣ ನಮ್ಮ ಖಾತೆಗೆ ಬರುತ್ತದೆ, ನಿಮ್ಮ ಪಾಲನ್ನು ತಿಂಗಳು ತಿಂಗಳು ಹಾಕುತ್ತೇವೆ" ಎಂದ. ಅದಕ್ಕಾಗಿ ಇನ್ನೊಂದು 8,000 ರೂಪಾಯಿ, ಜೊತೆಗೆ ಚಾನೆಲ್‌ನಲ್ಲಿ ಅವನನ್ನೂ ಮಾಲೀಕನಾಗಿ ಸೇರಿಸಬೇಕು. ನನ್ನ ಚಾನೆಲ್ ಅನ್ನು ಅಕ್ಕನ ಮಗ ಬ್ರ್ಯಾಂಡ್ ಖಾತೆಯಲ್ಲಿ ಮಾಡಿಕೊಟ್ಟಿದ್ದ. ಅದರಲ್ಲಿ ಒಬ್ಬರಿಗಿಂತ ಹೆಚ್ಚು ಮಾಲೀಕರು ಇರಬಹುದು, ಆದರೆ ಹೊಸದಾಗಿ ಸೇರಿದವರು ಮುಖ್ಯ ಮಾಲೀಕರಾಗಲು ಏಳು ದಿನ ಕಾಯಲೇಬೇಕು. ಆ ಏಳು ದಿನ ಇಟ್ಟಿರುವುದು ನಮ್ಮ ರಕ್ಷಣೆಗೆ. ಆ ವಾರ ಪೂರ್ತಿ ಅವನು ದಿನವೂ ಫೋನ್ ಮಾಡಿ ನನ್ನ ಹುಳು ಹೇಗಿದೆ, ಮಳೆ ಬಂತೇ ಎಂದು ವಿಚಾರಿಸಿದ. ಎಂಟನೆಯ ದಿನ ಸಂಜೆ, ನಾನು ಸೊಪ್ಪು ಕೊಯ್ದು ಬಂದು ಕೈ ತೊಳೆಯುವ ಮೊದಲೇ, ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳುತ್ತಾ ಮುಖ್ಯ ಮಾಲೀಕತ್ವವನ್ನು ನನ್ನ ಬೆರಳಿನಿಂದಲೇ ಅವನ ಹೆಸರಿಗೆ ಒತ್ತಿಸಿದ. ಎರಡು ಹಂತದ ಭದ್ರತೆ ಇತ್ತು, ಪಾಸ್‌ವರ್ಡ್ ಯಾರಿಗೂ ಹೇಳಿರಲಿಲ್ಲ. ಯಾವುದೂ ಉಪಯೋಗಕ್ಕೆ ಬರಲಿಲ್ಲ. ರಾತ್ರಿ ಊಟ ಮುಗಿಸಿ ನೋಡಿದಾಗ ನನ್ನ ಖಾತೆಯಲ್ಲಿ ಆ ಚಾನೆಲ್ ಇರಲೇ ಇಲ್ಲ. ಅವನ ನಂಬರು ಆಮೇಲೆ ಹತ್ತಲಿಲ್ಲ.

ಹಣದ ದಾರಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಯೂಟ್ಯೂಬ್‌ನ ಹಣ ಆಡ್‌ಸೆನ್ಸ್ ಎಂಬ ಗೂಗಲ್‌ನ ಜಾಹೀರಾತು ಖಾತೆಯ ಮೂಲಕ ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೇ ಬರುತ್ತದೆ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಒಂದು ಪಿನ್ ಬರುತ್ತದೆ, 100 ಡಾಲರ್ ತುಂಬಿದ ಮೇಲೆ ಹಣ. ಉದ್ದದ ವಿಡಿಯೊಗಳ ಜಾಹೀರಾತಿನಲ್ಲಿ ನಿಮ್ಮ ಪಾಲು ನೂರಕ್ಕೆ 55. ನಡುವೆ ನಿಂತು ಹಣ ಪಡೆದು ಹಂಚುವ ಮೂರನೆಯವನು ನಮ್ಮಂಥ ಸಣ್ಣ ಚಾನೆಲ್‌ಗೆ ಬೇಕಾಗಿಯೇ ಇಲ್ಲ. ವಿಡಿಯೊ ತಿದ್ದಲು ಯಾರಾದರೂ ಬೇಕಾದರೆ ಸ್ಟುಡಿಯೊದ ಅನುಮತಿಗಳಲ್ಲಿ ಎಡಿಟರ್ ಎಂದು ಸೇರಿಸಿ. ಅವರು ವಿಡಿಯೊ ಹಾಕಬಲ್ಲರು, ತಿದ್ದಬಲ್ಲರು. ಚಾನೆಲ್ ಅಳಿಸಲು, ಬೇರೆಯವರನ್ನು ಸೇರಿಸಲು ಅವರಿಂದ ಆಗದು. ಮಾಲೀಕ ಎಂಬ ಜಾಗಕ್ಕೆ ಮಾತ್ರ ಹೊರಗಿನ ಯಾರನ್ನೂ ಸೇರಿಸಬೇಡಿ.

ಇನ್ನೊಂದು ಲೆಕ್ಕವನ್ನು ನಾನು ಬಹಳ ತಡವಾಗಿ ಹಾಕಿದೆ. ಕೊರತೆಯಿದ್ದ 1,400 ಗಂಟೆ ಎಂದರೆ 84,000 ನಿಮಿಷ. ನನ್ನ ಜನ ಒಂದು ವಿಡಿಯೊವನ್ನು ಸರಾಸರಿ ನಾಲ್ಕು ನಿಮಿಷ ನೋಡುತ್ತಿದ್ದರು. ಅಂದರೆ ಬೇಕಿದ್ದದ್ದು 21,000 ವೀಕ್ಷಣೆ. ತಲಾ ಐನೂರು ಜನ ನೋಡುವ 42 ವಿಡಿಯೊಗಳು. ಉದುರುವ ಹಳೆಯ ಗಂಟೆಗಳನ್ನು ಹಿಡಿದರೆ ಇನ್ನಷ್ಟು ಬೇಕಾಗುತ್ತಿತ್ತು, ಆದರೂ ಅದು ಕೈಗೆಟುಕದ ದೂರವಲ್ಲ. ಅದಕ್ಕಿಂತ ಮೊದಲೇ 500 ಚಂದಾದಾರರು, 90 ದಿನದಲ್ಲಿ ಮೂರು ವಿಡಿಯೊ, 3,000 ಗಂಟೆ ಎಂಬ ಕೆಳಗಿನ ಮೆಟ್ಟಿಲೊಂದು ಇದೆ. ಅಲ್ಲಿ ಜಾಹೀರಾತಿನ ಹಣ ಬಾರದಿದ್ದರೂ ನೋಡುಗರು ಪ್ರೀತಿಯಿಂದ ಕೊಡುವ ಹಣ ಪಡೆಯಬಹುದು. ಅದಕ್ಕೆ ನನಗೆ 400 ಗಂಟೆಯಷ್ಟೇ ಕಡಿಮೆಯಿತ್ತು.

ಚಾನೆಲ್ ಹೋದ ಹತ್ತೊಂಬತ್ತು ದಿನ ನಾನು ಯಾರಿಗೂ ಹೇಳಲಿಲ್ಲ. ಆ ಮೌನವೇ ನನ್ನ ದೊಡ್ಡ ತಪ್ಪು. ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶವಿರುತ್ತದೆ. ನಾನು ಚಿಕ್ಕಬಳ್ಳಾಪುರಕ್ಕೆ ಹೋಗಿ ದೂರು ಬರೆದುಕೊಡುವ ಹೊತ್ತಿಗೆ 22,500 ರೂಪಾಯಿ ಎಲ್ಲೆಲ್ಲೋ ಹರಿದುಹೋಗಿತ್ತು. ನೀವು ಮರ್ಯಾದೆಗೆ ಅಂಜಿ ಒಂದು ರಾತ್ರಿಯನ್ನೂ ಕಳೆಯಬೇಡಿ. ಫೋನಿನ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ, ಹಣ ಕಳಿಸಿದ ರಸೀದಿ ಯಾವುದನ್ನೂ ಅಳಿಸಬೇಡಿ. ನಾನು ಸಿಟ್ಟಿನಲ್ಲಿ ಅರ್ಧ ಅಳಿಸಿದ್ದೆ.

ಮೌನ ಮುರಿಯುವಂತೆ ಮಾಡಿದ್ದು ರಾಮನಗರದ ಕಡೆಯ ಒಬ್ಬ ಹಿರಿಯರ ಕರೆ. ನನ್ನ ಮೊದಲ ವರ್ಷದಿಂದ ನೋಡುತ್ತಿದ್ದವರು. ಚಾನೆಲ್‌ನ ಹೆಸರು ಬದಲಾಗಿತ್ತು, ನನ್ನ ವಿಡಿಯೊಗಳೆಲ್ಲ ಮರೆಯಾಗಿದ್ದವು, ಅಲ್ಲಿ ದುಡ್ಡು ದುಪ್ಪಟ್ಟಾಗುವ ಯಾವುದೋ ಡಿಜಿಟಲ್ ನಾಣ್ಯದ ನೇರಪ್ರಸಾರ ನಡೆಯುತ್ತಿತ್ತು. ಕೆಳಗೊಂದು ಲಿಂಕ್. ಹಳೆಯ ಚಾನೆಲ್ ಎಂದು ನಂಬಿ ಅವರು 6,000 ರೂಪಾಯಿ ಹಾಕಿದ್ದರು. "ನೀವು ಹೇಳಿದ ಮೇಲೆ ಸರಿಯಾಗಿಯೇ ಇರುತ್ತದೆ ಎಂದು ಹಾಕಿದೆ ತಾಯಿ" ಎಂದರು. ಊಜಿ ನೊಣದ ವಿಡಿಯೊ ನೋಡಿ ತಮ್ಮ ಬೆಳೆ ಉಳಿಸಿಕೊಂಡಿದ್ದವರು ಅವರು. ಮೂರು ವರ್ಷ ನಾನು ಕೂಡಿಸಿದ್ದು ಗಂಟೆಗಳಲ್ಲ, ಆ ಮಾತು. ಕಳ್ಳ ಬೆಲೆ ಕಟ್ಟಿದ್ದೂ ಅದಕ್ಕೇ.

ನಾವು ಹಲವರು ಸೇರಿ ವರದಿ ಮಾಡಿದ ಮೇಲೆ ಆ ಚಾನೆಲ್ ತೆಗೆದುಹಾಕಲ್ಪಟ್ಟಿತು. 190ರಲ್ಲಿ ನನ್ನ ಬಳಿ ಪ್ರತಿ ಉಳಿದಿರುವುದು 60ಕ್ಕೆ. ಈಗ ಹೊಸ ಚಾನೆಲ್‌ನಲ್ಲಿ 312 ಜನ ಇದ್ದಾರೆ. ಮೊನ್ನೆ ಸೋಂಕುನಿವಾರಕ ಪುಡಿ ಮಾರುವ ಒಬ್ಬರು ತಮ್ಮ ಪುಡಿಯನ್ನು ತೋರಿಸಲು 3,000 ರೂಪಾಯಿ ಕೊಟ್ಟರು; ಹಣ ಪಡೆದು ತೋರಿಸುತ್ತಿದ್ದೇನೆ ಎಂದು ವಿಡಿಯೊದ ಮೊದಲಲ್ಲೇ ಹೇಳಿದೆ. ಹಾಗೆ ತಿಳಿಸುವುದು ಈಗ ಕಾನೂನು ಕೂಡ.

ರಾಮನಗರದ ಹಿರಿಯರಿಗೆ ಮುಂದಿನ ಗೂಡು ಮಾರಿದ ದಿನ 6,000 ರೂಪಾಯಿ ಕಳಿಸಿದೆ. ಅವರು ತೆಗೆದುಕೊಳ್ಳಲು ಒಪ್ಪಲಿಲ್ಲ, ಅರ್ಧವನ್ನು ವಾಪಸು ಹಾಕಿದರು. ಅವರಂತೆ ಇನ್ನೂ ಎಷ್ಟು ಮಂದಿ ಆ ಲಿಂಕ್ ಒತ್ತಿದ್ದಾರೋ. ನೀವು ಅವರಲ್ಲೊಬ್ಬರಾಗಿದ್ದರೆ, ಅಲ್ಲಿ ಹಣ ಕೇಳಿದವಳು ನಾನಲ್ಲ. ನಿಮ್ಮ ಬಳಿ ರಸೀದಿ ಇದ್ದರೆ ದಯವಿಟ್ಟು 1930ಕ್ಕೆ ತಿಳಿಸಿ, ನನಗೂ ಒಂದು ಪ್ರತಿ ಕಳಿಸಿ. ನನ್ನ ದೂರಿನ ಜೊತೆಗೆ ಅದನ್ನೂ ಸೇರಿಸಿಕೊಡುತ್ತೇನೆ.